ಗಿರಮಲ್ಲಪ್ಪ ನುಂಗಿದ ಐದನೆಯ ಗೆರೆ

ಗಂಟಲಿನ ವಿಷಯದಲ್ಲಿ ತನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಬನಹಟ್ಟಿಯ ನೇಕಾರ ಗಿರಮಲ್ಲಪ್ಪ ಸೋಮವಾರ ಸಂಜೆ ತುಂಬಿದ ಸಭೆಯಲ್ಲಿ ಎದ್ದು ನಿಂತು ಸಾರಿದ. ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಅದೇ ಗಂಟಲು ಅವನ ಕೈಬಿಟ್ಟಿತು. ನಡುವಿನ ಎರಡು ದಿನ ಮಾತ್ರ ಅವನು ಬಹಳ ಸುಖವಾಗಿದ್ದ.

ಸಭೆ ಸೇರಿಸಿದ್ದು ಮುಂಬಯಿ ಸರ್ಕಾರದ ಆರೋಗ್ಯ ಖಾತೆಯಿಂದ ಬಂದ ಒಬ್ಬ ಸಾಹೇಬ. ಅವನು ನೇಕಾರರ ಸಂಘದ ಗೋಡೆಗೆ ದೊಡ್ಡದೊಂದು ನಕ್ಷೆ ತೂಗುಹಾಕಿದ್ದ. ಅದರಲ್ಲಿ ಒಬ್ಬ ಮನುಷ್ಯನ ತಲೆಯನ್ನೂ ಕುತ್ತಿಗೆಯನ್ನೂ ಕಲ್ಲಂಗಡಿಯ ಹೋಳಿನಂತೆ ನಡುವೆ ಸೀಳಿ ತೋರಿಸಿದ್ದರು. ಸೀಳಿಸಿಕೊಂಡವನ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಸಾಹೇಬ ಕೋಲಿನಿಂದ ಒಂದೊಂದೇ ತೋರಿಸಿದ: ಇದು ನಾಲಿಗೆ, ಇದು ಕಿರುನಾಲಿಗೆ, ಇದು ಗಾಳಿಯ ಕೊಳವೆ, ಅದರ ಬೆನ್ನಿಗೆ ಅಂಟಿಕೊಂಡಿದ್ದು ಅನ್ನದ ಕೊಳವೆ, ಎರಡರ ಬಾಯಲ್ಲಿ ಒಂದು ಪುಟ್ಟ ಮುಚ್ಚಳ. ಆಮೇಲೆ ಬಂದ ಕೆಲಸಕ್ಕೆ ಬಂದ. "ನೀವು ಲಾಳಿಗೆ ಬಾಯಿ ಹಚ್ಚಿ ನೂಲು ಎಳೆಯುವುದನ್ನು ಬಿಡಬೇಕು."

ಸಭೆಯಲ್ಲಿ ಗುಜುಗುಜು ಎದ್ದಿತು. ನೂಲು ಸುತ್ತಿದ ಕಂಡಿಕೆ ಮುಗಿದಾಗಲೆಲ್ಲ ನೇಕಾರ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯಲ್ಲಿ ಹೊಸ ಕಂಡಿಕೆ ಕೂರಿಸಬೇಕು. ಅದರ ತುದಿಯನ್ನು ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಬನಹಟ್ಟಿಯವರು ಆ ತೂತಿಗೆ ತುಟಿಯಿಟ್ಟು ಉಸಿರನ್ನು ಚುರುಕಾಗಿ ಒಳಗೆಳೆಯುತ್ತಾರೆ. ಎಳೆ ನಾಲಿಗೆಯ ಮೇಲೆ ಬಂದು ಕೂಡುತ್ತದೆ. ಅಪ್ಪ ಹಾಗೆ ಮಾಡಿದ್ದ, ಅಜ್ಜ ಹಾಗೆ ಮಾಡಿದ್ದ. ಸಾಹೇಬ ಅದರ ಬದಲಿಗೆ ಒಂದು ತಂತಿಯ ಕೊಕ್ಕೆ ತೋರಿಸಿದ.

ಆಗಲೇ ಗಿರಮಲ್ಲಪ್ಪ ಎದ್ದದ್ದು.

"ಸಾಹೇಬ್ರ, ಕೊಕ್ಕಿ ಏನಿದ್ರೂ ಮೀನಾ ಹಿಡಿಯಾವರಿಗೆ ಕೊಡ್ರಿ. ಮೂವತ್ತು ವರ್ಷಾತು, ಒಂದ ಎಳಿ ನನ್ನ ಹಲ್ಲು ದಾಟಿಲ್ಲ. ನಿಮ್ಮ ನಕಾಶದಾಗಿನ ಮುಚ್ಚಳಾ ಯಾರ ಮಾತು ಕೇಳತೈತೋ ನನಗ ಗೊತ್ತಿಲ್ಲ. ನಂದು ನನ್ನ ಮಾತು ಕೇಳತೈತಿ! ಈಗ ಮಗ್ಗದ ಮ್ಯಾಲ ನನ್ನ ಮಗಳ ಕುಬಸದ ಸೀರಿ ಐತಿ. ಕಡೀ ಎಳೀತನಕ ಬಾಯಿಲೆ ಎಳದು ಮುಗಸ್ತೇನಿ. ಬಂದು ನೋಡ್ರಿ!"

ನಲವತ್ತು ಜನ ಚಪ್ಪಾಳೆ ತಟ್ಟಿದರು. ಸಾಹೇಬ ನಕ್ಷೆ ಸುತ್ತಿಕೊಂಡು ರಬಕವಿಗೆ ಹೋದ. ಗಿರಮಲ್ಲಪ್ಪ ಶರೀರಶಾಸ್ತ್ರಜ್ಞನಾಗಿ ಮನೆಗೆ ಬಂದ.

"ಏ ಶಿವವ್ವಾ, ಮನಶ್ಯಾನ ಗಂಟಲದಾಗ ಎಷ್ಟು ಓಣಿ ಅದಾವ ಗೊತ್ತೈತೇನು?"

ರಾಟಿಯ ಮುಂದೆ ಕಂಡಿಕೆ ಸುತ್ತುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ನನಗ ಕೂಳಿಂದು ಒಂದ ಗೊತ್ತೈತ್ರಿ."

"ಎರಡು! ಮುಂದಿಂದು ಗಾಳಿದು, ಹಿಂದಿಂದು ಕೂಳಿಂದು. ನುಂಗೂಮುಂದ ಗಾಳಿ ಓಣಿ ಮ್ಯಾಲ ಮುಚ್ಚಳಾ ಬೀಳತೈತಿ. ಮಾತಾಡೂಮುಂದ ತೆರದಿರತೈತಿ."

"ಹಂಗಾರ ನಿಮ್ದು ನಮ್ಮ ಲಗ್ನಾದಾಗಿಂದ ಮುಚ್ಚೇ ಇಲ್ಲ ಬಿಡ್ರಿ."

ಶಿವವ್ವನಿಗೆ ಮುಚ್ಚಳಕ್ಕಿಂತ ದೊಡ್ಡ ಚಿಂತೆ ಇತ್ತು. ಮಗಳು ಬನಶಂಕರಿ ಏಳು ತಿಂಗಳ ಬಸುರಿ. ಶುಕ್ರವಾರ ಮುಧೋಳದಲ್ಲಿ, ಗಂಡನ ಮನೆಯಲ್ಲಿ, ಕುಬಸದ ಕಾರ್ಯ. ತವರಿನವರು ಹಸಿರು ಸೀರೆ ಒಯ್ಯಬೇಕು. ಮಗಳ ಅತ್ತೆ ಕೆಂಪವ್ವ ತಿಂಗಳ ಹಿಂದೆಯೇ ಹೇಳಿ ಕಳಿಸಿದ್ದಳು: "ಸೆರಗಿನ ತುದೀಗೆ ಐದು ಗೆರಿ ಜರಿ ಇರಬೇಕ್ರಿ. ನಾಕು ಗೆರೀದು ನಮ್ಮ ಮನ್ಯಾಗ ಶುಭಕ್ಕ ಉಡಸೂದಿಲ್ಲ. ನಿಮಗ ಆಗದಿದ್ರ ಹೇಳ್ರಿ, ನಾವ ಪ್ಯಾಟ್ಯಾಗ ತರತೇವಿ." ಈ ಕೊನೆಯ ಮಾತು ನೇಕಾರನ ಎದೆಗೆ ನೆಟ್ಟ ಬಾಣವಾಗಿತ್ತು!

ಮನೆಯಲ್ಲಿದ್ದ ಜರಿ ಶಿವವ್ವನ ತವರಿನದು. ಎಷ್ಟೋ ವರ್ಷ ಪೆಟ್ಟಿಗೆಯಲ್ಲಿ ಬಿದ್ದು ಮಂಕಾಗಿತ್ತು, ಆದರೂ ಅಸಲಿ. ಬುಧವಾರ ಸಂಜೆಗೆ ನಾಲ್ಕು ಗೆರೆ ಮುಗಿದವು. ಕಂಡಿಕೆಯ ಮೇಲೆ ಉಳಿದಿದ್ದು ಹನ್ನೆರಡು ಮೊಳ. ಒಂದು ಗೆರೆಗೆ ಲಾಳಿ ನಾಲ್ಕು ಸಲ ಹೋಗಬೇಕು, ಸೀರೆಯ ಅಗಲ ಮೂರು ಮೊಳಕ್ಕೆ ಎರಡು ಬೆರಳು ಕಡಿಮೆ. ಅಂದರೆ ಐದನೆಯ ಗೆರೆಗೆ ಸರಿಯಾಗಿ ಸಾಕು, ಮಿಕ್ಕಿದ್ದನ್ನು ಇರುವೆಗೆ ಉಡಿಸಬಹುದು. ಹೊಸ ಜರಿ ಬೇಕೆಂದರೆ ಸೂರತ್ತಿನಿಂದ ಬರಬೇಕು. ಸೂರತ್ತು ಶುಕ್ರವಾರದೊಳಗೆ ಬನಹಟ್ಟಿಗೆ ಬರುವಂತಿರಲಿಲ್ಲ.

ಗುರುವಾರ ಬೆಳಿಗ್ಗೆ ಗಿರಮಲ್ಲಪ್ಪ ಪಕ್ಕದ ಮನೆಯ ಹಾಲಸಿದ್ದಪ್ಪನನ್ನು ಸಾಕ್ಷಿಗೆ ಕರೆದು ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿದ. ಶಿವವ್ವ ಎಲ್ಲಿಂದಲೋ ಒಂದು ತಂತಿ ಬಾಗಿಸಿ ತಂದಿದ್ದಳು.

"ಜರಿ ಜಡಾ ಇರತೈತ್ರಿ. ಇವತ್ತೊಂದಿನ ಇದನ್ನ ಹಾಕ್ರಿ."

"ಕೊಕ್ಕಿ? ನನ್ನ ಮಗಳ ಸೀರಿಗೆ? ಹಾಲಸಿದ್ದಾ, ಕೇಳಿದ್ಯೋ ಇಲ್ಲೋ!"

ಅವನು ಲಾಳಿಯನ್ನು ತುಟಿಗೆ ಹಚ್ಚಲೂ ಇಲ್ಲ. ನಾಲ್ಕು ಬೆರಳು ದೂರ ಹಿಡಿದ. ಮೊದಲ ಸಲ ಉಸಿರೆಳೆದ. ಜರಿ ಅಲುಗಲಿಲ್ಲ. ಎರಡನೆಯ ಸಲ ಎಳೆದ. ತುದಿ ತೂತಿನಿಂದ ಇಣುಕಿ ನೋಡಿ ಒಳಗೆ ಹೋಯಿತು. ಮೂರನೆಯ ಸಲ ಅವನು ಹೊಟ್ಟೆ, ಎದೆ, ಹೆಗಲು ಎಲ್ಲವನ್ನೂ ಒಟ್ಟುಗೂಡಿಸಿ, ಕಮ್ಮಾರನ ತಿದಿಯೂ ನಾಚುವಂತೆ ಒಂದು ಉಸಿರೆಳೆದ!

ಜರಿ ಬಂತು. ತುಟಿ ದಾಟಿ ಬಂತು, ನಾಲಿಗೆ ದಾಟಿ ಬಂತು, ಕಿರುನಾಲಿಗೆಗೆ ತಾಗಿ ಗಾಳಿಯ ಕೊಳವೆಯ ಬಾಯಲ್ಲಿ ನಿಂತಿತು. ಕೆಮ್ಮು ಸಿಡಿಯಿತು. ಕೆಮ್ಮಿಗೆ ಹೆದರಿದ ಗಿರಮಲ್ಲಪ್ಪ ಯಾರೇ ಆದರೂ ಮಾಡುವುದನ್ನೇ ಮಾಡಿದ, ಗುಟಕ್ಕನೆ ನುಂಗಿದ. ಮುಚ್ಚಳ ತನ್ನ ಕೆಲಸ ಮಾಡಿತು. ಅನ್ನದ ಕೊಳವೆ ತನ್ನ ಕೆಲಸ ಮಾಡಿತು. ಸಾಹೇಬನ ನಕ್ಷೆಯಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಲಾಳಿಯೊಳಗಿನ ಕಂಡಿಕೆಯಿಂದ ಒಂದು ಗೇಣು ಜರಿ ಸರ್ರನೆ ಬಿಚ್ಚಿಕೊಂಡು ಒಡೆಯನ ಬಾಯಿಗೆ ಹೋಯಿತು.

ಅವನು ಜಗ್ಗಿ ನೋಡಿದ. ಜಗ್ಗಿದೊಡನೆ ಕರುಳೇ ಬಾಯಿಗೆ ಬಂದಂತೆ ವಾಕರಿಕೆ, ಕಣ್ಣಲ್ಲಿ ನೀರು, ಕೈಬಿಟ್ಟ. ವಾಕರಿಕೆ ಅಡಗಿಸಲು ಮತ್ತೊಮ್ಮೆ ನುಂಗಿದ. ಇನ್ನೊಂದು ಗೇಣು!

"ನೀರು ಕೊಡು ತಂಗಿ, ನೀರು!" ಎಂದ ಹಾಲಸಿದ್ದಪ್ಪ, ತಾನೇ ತಂಬಿಗೆ ಎತ್ತಿ ಕುಡಿಸಿದ. ನೀರು ಒಂಟಿಯಾಗಿ ಹೋಗಲಿಲ್ಲ. ಜೊತೆಗೆ ಒಂದು ಮೊಳ ಜರಿ ಕರೆದುಕೊಂಡು ಹೋಯಿತು.

"ಮೀನಿನ ಮುಳ್ಳು ಸಿಕ್ಕಾಗ ರೊಟ್ಟಿ ತುತ್ತು ನುಂಗಸ್ತಾರಲ್ಲ" ಎಂದು ಅವನು ಜೋಳದ ರೊಟ್ಟಿ ತುಣುಕಿಗೆ ಬೆಣ್ಣೆ ಹಚ್ಚಿದ. ಬೆಣ್ಣೆ ಬಹಳ ಛಲೋ ಇತ್ತು. ಅರ್ಧ ಮೊಳ!

"ಏ ಹಾಲಸಿದ್ದಣ್ಣ, ನೀ ತಿನಸೂದು ನಿಲ್ಲಸೋ ಮಾರಾಯಾ!" ಶಿವವ್ವ ಲಾಳಿಯನ್ನು ಕಿತ್ತುಕೊಂಡಳು. "ನನ್ನ ಮಗಳ ಸೀರಿ ನುಂಗಾಕತ್ತಾರ ಇವರು!"

"ಹಂಗಾರ ತಲಿ ಕೆಳಗ ಮಾಡೂಣು. ಮ್ಯಾಲಿಂದ ಇಳದದ್ದು ತಿರುವಿದ್ರ ಬಂದ ಬರತೈತಿ."

ಈ ಮಾತಿನಲ್ಲಿ ನ್ಯಾಯವಿದೆ ಎಂದು ಗಿರಮಲ್ಲಪ್ಪನಿಗೂ ಅನ್ನಿಸಿತು. ಹಾಲಸಿದ್ದಪ್ಪ ಅವನ ಎರಡೂ ಕಾಲು ಹಿಡಿದು ಗೋಡೆಗೆ ಆನಿಸಿದ. ಧೋತರ ಮುಖದ ಮೇಲೆ ಬಿತ್ತು. ಹೆದರಿದ ಗಿರಮಲ್ಲಪ್ಪ ಒಂದು ಗುಟುಕು ನುಂಗಿದ. ಅರ್ಧ ಮೊಳ ಜರಿ ಎಲ್ಲರ ಕಣ್ಣೆದುರಿಗೆ ಮೇಲ್ಮುಖವಾಗಿ ಹತ್ತಿ ಹೊಟ್ಟೆಗೆ ಹೋಯಿತು.

ಅಷ್ಟರಲ್ಲಿ ಮೂರು ಮೊಳ ಮುಗಿದಿತ್ತು. ಹಾಲಸಿದ್ದಪ್ಪ ಕತ್ತರಿ ತಂದ. ಗಿರಮಲ್ಲಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದ. ಕತ್ತರಿಸಿದರೆ ತುದಿ ಒಳಗೆ ಜಾರುತ್ತದೆ, ಒಳಗಿನ ಜರಿ ಕರುಳಿಗೆ ಕಂಡಿಕೆಯಂತೆ ಸುತ್ತಿಕೊಳ್ಳುತ್ತದೆ ಎಂಬುದು ಅವನ ಭಯ. ಶಿವವ್ವನೂ ಬೇಡವೆಂದಳು. ಅವಳ ಕಾರಣ ಬೇರೆ: ಕತ್ತರಿಸಿದರೆ ಗೆರೆ ನಾಲ್ಕೇ.

"ಜಮಖಂಡಿ ಡಾಕ್ಟರ ಕಡೆ ನಡೀರಿ. ಬಾಯಿ ತೆರದ ಇಡ್ರಿ, ನುಂಗಬ್ಯಾಡ್ರಿ."

ಮನುಷ್ಯ ಸುಮ್ಮನೆ ಕುಳಿತರೂ ಗಳಿಗೆಗೊಮ್ಮೆ ಉಗುಳು ನುಂಗುತ್ತಾನೆ ಎಂಬ ಸತ್ಯ ಗಿರಮಲ್ಲಪ್ಪನಿಗೆ ತಿಳಿದದ್ದು ಅಂದು. ಮೋಟಾರು ನಿಲ್ಲುವ ಜಾಗದವರೆಗೆ ಗಂಡ ಮುಂದೆ, ಲಾಳಿ ಹಿಡಿದ ಹೆಂಡತಿ ಹಿಂದೆ, ನಡುವೆ ಬಿಸಿಲಿಗೆ ಹೊಳೆಯುವ ಒಂದು ಎಳೆ. ಎತ್ತಿಗೆ ಮೂಗುದಾರ ಹಾಕುವುದನ್ನು ಬನಹಟ್ಟಿ ಕಂಡಿತ್ತು. ಗಂಡನಿಗೆ ಗಂಟಲುದಾರ ಹಾಕಿದ್ದನ್ನು ಕಂಡಿರಲಿಲ್ಲ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ಶಿವವ್ವನ ಕಡೆ ಒಂದು ಬಗೆಯ ಗೌರವದಿಂದ ನೋಡಿದರು.

ಮೋಟಾರಿನಲ್ಲಿ ಕಂಡಕ್ಟರ ಕೇಳಿದ, "ಇದೇನ್ರಿ ಅಕ್ಕಾರ?"

"ನಮ್ಮ ಮನಿಯವರ್ರಿ."

"ಅವರಲ್ರೀ, ದಾರಾ."

"ಅದು ಅವರದ ನಾಷ್ಟಾ."

ಮುಂದಿನ ಆಸನದಲ್ಲಿದ್ದ ಒಬ್ಬ ಮುದಿ ಭಟ್ಟರು ತಿರುಗಿ ನೋಡಿ ಕೈಮುಗಿದರು. "ಧೌತಿ! ಹಠಯೋಗದಾಗ ಬಟ್ಟಿ ನುಂಗಿ ಹೊಟ್ಟಿ ತೊಳಿಯೂ ಕ್ರಿಯಾ ಅದರೀ ಇದು. ಹನ್ನೆರಡು ವರ್ಷ ಅಭ್ಯಾಸ ಬೇಕು. ಯಾರ ಶಿಷ್ಯರೋ ನೀವು?"

ಗಿರಮಲ್ಲಪ್ಪನ ಎದೆ ಒಂದು ಕ್ಷಣ ಉಬ್ಬಿತು. ಶಿವವ್ವ ಸೂಜಿ ಚುಚ್ಚಿದಳು: "ಬ್ಯಾರೇದವರು ನೇದ ಮ್ಯಾಲ ನುಂಗ್ತಾರ್ರಿ ಅಜ್ಜಾರ. ಇವರಿಗೆ ನೇಯೂತನಕಾನೂ ತಡಕೊಳ್ಳಾಕ ಆಗಲಿಲ್ಲ."

ಅಷ್ಟರಲ್ಲಿ ಪಕ್ಕದ ಹೆಂಗಸು ಗಂಟಿನಿಂದ ಎಳೆಯ ಮಾವಿನಕಾಯಿ ತೆಗೆದು, ಕಚ್ಚಿ, ಉಪ್ಪು ಖಾರ ಅದ್ದಿ ಮತ್ತೆ ಕಚ್ಚಿದಳು. ಗಿರಮಲ್ಲಪ್ಪ ಕಣ್ಣು ಮುಚ್ಚಿದ. ಕಿವಿ ಮುಚ್ಚಲಾಗಲಿಲ್ಲ. ಕರಕರ ಸದ್ದಿಗೆ ಬಾಯೆಲ್ಲ ನೀರೂರಿತು. ಗುಟುಕು, ಮತ್ತೊಂದು ಗುಟುಕು. ಲಾಳಿಯಲ್ಲಿ ಕಂಡಿಕೆ ಗಡಗಡ ನಡುಗಿತು.

"ತಂಗೆವ್ವಾ, ನಿನ್ನ ಪುಣ್ಯಾ ಬರಲಿ, ಆ ಕಾಯಿ ಒಳಗಿಡವ್ವಾ! ನೀ ತಿಂದಂಗೆಲ್ಲಾ ಇವರ ಹೊಟ್ಟಿ ತುಂಬಾಕತೈತಿ."

ಜಮಖಂಡಿ ಮುಟ್ಟುವಷ್ಟರಲ್ಲಿ ಏಳು ಮೊಳ. ಮೋಟಾರು ಇಳಿದಲ್ಲೇ ಒಬ್ಬ ಮಿರ್ಚಿ ಭಜಿ ಕರಿಯುತ್ತಿದ್ದ. ಒಂಬತ್ತು!

"ಬರೇ ವಾಸನಿಗೇ ಎರಡು ಮೊಳಾ ಹೋತು," ಎಂದಳು ಶಿವವ್ವ. ಅವಳ ಧ್ವನಿಯಲ್ಲಿ ಮೊದಲ ಸಲ ಅಳು ಇತ್ತು. ಕಂಡಿಕೆಯ ಮೇಲೆ ಉಳಿದದ್ದು ಮೂರು ಮೊಳ. ಅವಳು ಜರಿಯ ಕೊನೆಯನ್ನು ಬೆರಳಿಗೆ ಸುತ್ತಿ ಗಂಟು ಹಾಕಿಕೊಂಡಳು.

ಡಾಕ್ಟರ್ ವಾಸುದೇವರಾಯರು ಹಣೆಗೆ ಗುಂಡು ಕನ್ನಡಿ ಕಟ್ಟಿಕೊಂಡು ಗಿರಮಲ್ಲಪ್ಪನ ಬಾಯೊಳಗೆ ಬಹಳ ಹೊತ್ತು ನೋಡಿದರು. ಊರು ಹೊಕ್ಕ ಪ್ರವಾಸಿಯಂತೆ ಅತ್ತ ನೋಡಿದರು, ಇತ್ತ ನೋಡಿದರು.

"ಗಾಳಿ ಕೊಳವಿಗೆ ಹೋಗಿಲ್ಲ. ಹೋಗಿದ್ರ ಇವರು ಮೋಟಾರಿನಾಗ ಬರ್ತಿದ್ದಿಲ್ಲ, ನಾಲ್ಕು ಮಂದಿ ಹೆಗಲ ಮ್ಯಾಲ ಬರ್ತಿದ್ರು. ಅನ್ನನಾಳ ಹತ್ತು ಇಂಚು ಉದ್ದ ಅದ. ಅದನ್ನ ದಾಟಿ ಉಳದದ್ದೆಲ್ಲಾ ಹೊಟ್ಟ್ಯಾಗ ಅದ. ಜೀವಕ್ಕೇನೂ ಅಪಾಯ ಇಲ್ಲ."

ಗಿರಮಲ್ಲಪ್ಪ ಕೈಸನ್ನೆಯಲ್ಲಿ ತಲೆ ಕೆಳಗೆ ಮಾಡಿದ್ದನ್ನು ತೋರಿಸಿದ. ಡಾಕ್ಟರು ನಕ್ಕರು. "ಅದು ಬರೇ ನಳಿಗಿ ಅಲ್ಲಪಾ, ಹಿಂಡಿ ಹಿಂಡಿ ಮುಂದ ನೂಕೂ ಸ್ನಾಯು. ತಲಿ ಕೆಳಗ ನಿಂತು ಉಂಡ್ರೂ ಅನ್ನ ಹೊಟ್ಟಿಗೇ ಹೋಗತದ."

ಶಿವವ್ವ ದೇವರಿಗೆ ಕೈಮುಗಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಎರಡನೆಯ ರೋಗಕ್ಕೆ ಬಂದಳು. "ಇವರದು ಆತ್ರಿ. ಇನ್ನ ಜರೀದು ಹೇಳ್ರಿ."

"ಜರೀದೇನು? ತುಟೀ ಹತ್ತರ ಕತ್ತರಸೂಣು. ಉಳದದ್ದು ನಾಳೆ ನಾಡದು ತಾನ ಕೆಳಗ ಬರತದ."

"ನಾಳೆ ಬಂದ್ರ ಏನ ಮಾಡೂದ್ರಿ! ಕುಬಸಾನೂ ನಾಳೇನ ಐತಿ. ಅಲ್ಲದ ಆ ದಾರೀಲೆ ಬಂದದ್ದನ್ನ ಸೆರಗಿಗೆ ಹಾಕಾಕ ಬರತೈತೇನ್ರಿ?"

ಡಾಕ್ಟರು ವೈದ್ಯಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲವೆಂದು ಒಪ್ಪಿಕೊಂಡರು. ಜರಿ ಹಿಡಿದು ಮೆಲ್ಲಗೆ ಎಳೆದು ನೋಡಿದರು. ಗಿರಮಲ್ಲಪ್ಪ ವಾಕರಿಸಿ, ನುಂಗಿ, ಎಳೆದದ್ದಕ್ಕಿಂತ ಹೆಚ್ಚು ಮರಳಿ ವಸೂಲಿ ಮಾಡಿದ. ಆಗ ಡಾಕ್ಟರು "ಆ ಅನ್ರಿ" ಎಂದರು. ಅವನು "ಆ" ಎಂದ. ಜರಿ ಒಂದು ಗೇಣು ಸಲೀಸಾಗಿ ಹೊರಗೆ ಬಂತು!

"ಹೌದಲ್ಲ!" ಡಾಕ್ಟರ ಕಣ್ಣು ಅರಳಿದವು. "ದನಿ ಹೊರಡೂಮುಂದ ನುಂಗಾಕ ಬರೂದಿಲ್ಲ. ಒಂದು ಗಂಟಲು ಎರಡೂ ಕೆಲಸ ಒಮ್ಮೆಲೆ ಮಾಡೂದಿಲ್ಲ. ಇವರು ಮಾತಾಡಕೋತ ಇರಬೇಕು. ನಿಲ್ಲಸಬಾರದು. ಯಾವ ವಿಷಯದ ಮ್ಯಾಲ ಬಾಳ ಹೊತ್ತು ಮಾತಾಡ್ತಾರ?"

"ತಮ್ಮ ಮ್ಯಾಲ್ರಿ," ಎಂದಳು ಶಿವವ್ವ.

ಅವಳು ಡಾಕ್ಟರನ್ನು ಪಕ್ಕಕ್ಕೆ ಸರಿಸಿ ಗಂಡನ ಎದುರಿಗೆ ಕುಳಿತಳು. ಇಪ್ಪತ್ತೆರಡು ವರ್ಷ ರಾಟಿಯ ಮುಂದೆ ಎಳೆ ಹಿಡಿದ ಬೆರಳು. ಜಗ್ಗಿದ್ದು ಗೊತ್ತಾಗದಂತೆ ಜಗ್ಗುವ ಬೆರಳು. ಒಂದು ಕೈಯಲ್ಲಿ ಎಳೆ, ಇನ್ನೊಂದು ಕೈಯಲ್ಲಿ ಕಂಡಿಕೆ. "ಹೂಂ, ಚಾಲೂ ಮಾಡ್ರಿ. ಬೀಳಗಿ ಗೌಡ್ರ ಮನೀ ಸೀರಿದು ಹೇಳ್ರಿ."

"ಈಳಗಿ ಔಡ್ರು ನನ್ನ ಕಯ್ಯ ಇಡದು ಅಂದ್ರು..." ಜರಿಯ ಕೆಳಗೆ ಸಿಕ್ಕ ನಾಲಿಗೆಯಿಂದ ಗಿರಮಲ್ಲಪ್ಪ ಶುರು ಮಾಡಿದ. ಗೌಡರ ಹೊಗಳಿಕೆಗೆ ಎರಡು ಮೊಳ ಬಂತು. ಒಂದೇ ದಿನದಲ್ಲಿ ಸೀರೆಯ ಅಂಚು ಮುಗಿಸಿದ ಕಥೆಗೆ ಒಂದೂವರೆ. ರಬಕವಿಯ ನೇಕಾರನನ್ನು ಸೋಲಿಸಿದ ಕಥೆಗೆ ಎರಡು. ಅವನು ಉಸಿರಿಗೆ ನಿಂತರೆ ಶಿವವ್ವ ಮುಂದಿನದನ್ನು ತೆಗೆದುಕೊಡುತ್ತಿದ್ದಳು. ಯಾವ ಬಡಾಯಿ ಎಷ್ಟು ಉದ್ದವೆಂದು ಅವಳಿಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿತ್ತು. "ಅದಲ್ರಿ, ಅದು ಸಣ್ಣದು. ನಿಮ್ಮ ಮಾಂವನ ಮುಂದ ಹೇಳಿದ್ದು ಹೇಳ್ರಿ, ಉದ್ದಂದು!" ಔಷಧಕ್ಕೆ ಬಂದವರೆಲ್ಲ ಬಾಗಿಲಲ್ಲಿ ನೆರೆದು ಕೇಳಿದರು. ಜೀವನದಲ್ಲಿ ಮೊದಲ ಸಲ ಹೆಂಡತಿ ಅವನ ಮಾತನ್ನು ಕಡೆಯವರೆಗೂ ಕೇಳುತ್ತಿದ್ದಳು. ಆ ಸಂತೋಷವನ್ನು ಅನುಭವಿಸುವ ಸ್ಥಿತಿಯಲ್ಲಿ ಮಾತ್ರ ಅವನು ಇರಲಿಲ್ಲ.

ಎಂಟು ಮೊಳಕ್ಕೆ ಬಡಾಯಿಗಳು ತೀರಿಹೋದವು! ಗಿರಮಲ್ಲಪ್ಪ ಬಾಯಿ ತೆರೆದು ಕುಳಿತ. ಹೇಳಲು ಏನೂ ಉಳಿದಿರಲಿಲ್ಲ. ಕೊನೆಯ ಮೊಳ ಒಳಗೇ ಇತ್ತು, ಗಂಟಲಲ್ಲಿ ಗುಟುಕು ಏಳುತ್ತಿತ್ತು.

"ಸುಮ್ಮನಿರಬ್ಯಾಡ್ರಿ!" ಡಾಕ್ಟರು ಕೂಗಿದರು.

"ಖರೇದ್ದ ಹೇಳ್ರಿ ಹಂಗಾರ," ಎಂದಳು ಶಿವವ್ವ ಎಳೆಯಿಂದ ಕಣ್ಣು ತೆಗೆಯದೆ. "ಅದನ್ನೊಂದು ಇನ್ನೂ ಹೇಳಿಲ್ಲ."

ಗಿರಮಲ್ಲಪ್ಪ ಬಾಗಿಲ ಮಂದಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. "ಒಕ್ಕಿ... ಆಕಬೇಕಿತ್ತು... ಕೊಕ್ಕಿ ಹಾಕಬೇಕಿತ್ತು... ಸಾಹೇಬ ಹೇಳಿದ್ದು ಖರೆ ಐತಿ... ನನಗ ಬುದ್ಧಿ ಇದ್ದಿಲ್ಲ... ನೀ ಹೇಳಿದ್ದ ಖರೆ!" ಕೊನೆಯ ಅಕ್ಷರದ ಬೆನ್ನಿಗೆ ಜರಿಯ ತುದಿ ಪುಳಕ್ಕನೆ ಹೊರಗೆ ಬಂತು.

ಶಿವವ್ವ ಅದನ್ನು ನಲ್ಲಿಯ ಕೆಳಗೆ ತೊಳೆದಳು. ಆಗಲೇ ಕಂಡದ್ದು: ಹೊಟ್ಟೆಯೊಳಗೆ ಹೋಗಿದ್ದ ಜರಿ ಫಳಫಳ ಹೊಳೆಯುತ್ತಿತ್ತು. ಬೆರಳಿಗೆ ಸುತ್ತಿದ್ದ ತುಣುಕು ಎಂದಿನಂತೆ ಮಂಕು. "ಜಠರದಾಗ ಹುಳಿ ನೀರು ಇರತದ. ನೀವು ಹಿತ್ತಾಳಿ ಪಾತ್ರಿ ಹುಣಸಿಹಣ್ಣು ಹಚ್ಚಿ ತಿಕ್ಕೂದಿಲ್ಲೇನು? ಹಂಗ," ಎಂದರು ಡಾಕ್ಟರು.

ಮಧ್ಯಾಹ್ನ ಎರಡಕ್ಕೆ ಬನಹಟ್ಟಿ ಮುಟ್ಟಿದರು. ನಾಲ್ಕಕ್ಕೆ ಐದನೆಯ ಗೆರೆ ಮುಗಿದು ಸೀರೆ ಮಗ್ಗದಿಂದ ಇಳಿಯಿತು. ಎಳೆ ಲಾಳಿಯ ತೂತು ದಾಟಿದ್ದು ಹೇಗೆಂದು ಹಾಲಸಿದ್ದಪ್ಪ ಕೇಳಿದ. ಶಿವವ್ವ ಬಾಗಿಸಿದ ತಂತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆದರೆ ಸೀರೆ ಹರಡಿ ನೋಡಿದಾಗ ಗಿರಮಲ್ಲಪ್ಪ ತಲೆಗೆ ಕೈಹಚ್ಚಿದ. ನಾಲ್ಕು ಗೆರೆ ಮಂಕು, ಐದನೆಯದೊಂದೇ ಹಗಲಲ್ಲಿ ಹಚ್ಚಿದ ದೀಪದಂತೆ ಉರಿಯುತ್ತಿತ್ತು. ಇದು ಕೆಂಪವ್ವನ ಕಣ್ಣು ತಪ್ಪುವ ಮಾತೇ ಅಲ್ಲ!

ತಪ್ಪಲಿಲ್ಲ. ಶುಕ್ರವಾರ ಮುಧೋಳದಲ್ಲಿ ಹೆಂಗಸರೆಲ್ಲ ಸುತ್ತ ಕುಳಿತಿರುವಾಗ ಕೆಂಪವ್ವ ಸೊಸೆಯ ಸೆರಗನ್ನು ಕೈಗೆತ್ತಿಕೊಂಡು ಒಂದು, ಎರಡು, ಮೂರು, ನಾಲ್ಕು ಎಂದು ಬೆರಳಾಡಿಸಿ, ಐದರ ಮೇಲೆ ನಿಂತಳು. ಬಾಗಿಲ ಬಳಿ ಕುಳಿತಿದ್ದ ಗಿರಮಲ್ಲಪ್ಪ ನೆಲ ನೋಡಿದ. ಬನಶಂಕರಿ ಅಪ್ಪನನ್ನು ನೋಡಿದಳು.

"ಬೀಗರ," ಎಂದಳು ಕೆಂಪವ್ವ, "ಇದೊಂದು ಗೆರೀಗೆ ಎಲ್ಲಿ ಪಾಲಿಶ್ ಮಾಡ್ಸೀರಿ?"

ಗಿರಮಲ್ಲಪ್ಪ ಬಾಯಿ ತೆರೆದ.

"ಮನ್ಯಾಗ ಮಾಡಿದ್ದರಿ," ಎಂದಳು ಶಿವವ್ವ.

"ನಾ ಎಷ್ಟು ಜರಿ ನೋಡೇನಿ, ಹಿಂಥಾ ಹೊಳಪು ನೋಡಿಲ್ಲ ಬಿಡ್ರಿ. ಪ್ಯಾಟ್ಯಾಗ ಎಲ್ಲಿ ಸಿಗಬೇಕು ಇದು!" ಕೆಂಪವ್ವ ಎದ್ದು ಒಳಗೆ ಹೋದಳು. ಗಿರಮಲ್ಲಪ್ಪನ ಎದೆ ಮೆಲ್ಲಗೆ ಉಬ್ಬತೊಡಗಿತು. ಗೆದ್ದೆ ಎಂದು ಅವನು ಜೊತೆಗೆ ಬಂದಿದ್ದ ಹಾಲಸಿದ್ದಪ್ಪನ ಕಡೆ ಹುಬ್ಬು ಹಾರಿಸಿದ. ಕೆಂಪವ್ವ ಹೊರಗೆ ಬಂದಾಗ ಅವಳ ಎರಡೂ ತೋಳಿನ ಮೇಲೆ ಕುತ್ತಿಗೆಯಷ್ಟು ದಪ್ಪ ಮಡಿಕೆಯ ಒಂದು ಹಳೆಯ ಸೀರೆ ಇತ್ತು. ಅದನ್ನು ತಂದು ಅವನ ತೊಡೆಯ ಮೇಲಿಟ್ಟಳು.

"ನನ್ನ ಲಗ್ನದ ಸೀರಿ ಬೀಗರ. ಹದಿನೆಂಟು ಮೊಳಾ. ಮೈತುಂಬ ಜರಿ, ಪೂರಾ ಮಂಕಾಗೈತಿ. ನಿಮಗ ಕೈಮುಗೀತೇನಿ, ಇದಕ್ಕೂ ಹಂಗ ಮಾಡಿ ಕೊಡ್ರಿ. ಎಷ್ಟು ದಿನಾ ಬೇಕಾದೀತು?"

ಗಿರಮಲ್ಲಪ್ಪ ಸೀರೆಯ ದಪ್ಪ ನೋಡಿದ. ಕೈ ತಾನಾಗಿ ಗಂಟಲ ಮೇಲೆ ಹೋಯಿತು. ಅವನು ಹೆಂಡತಿಯ ಕಡೆ, ನೇಣುಗಂಬದಿಂದ ನೋಡುವವನ ಹಾಗೆ ನೋಡಿದ.

ಶಿವವ್ವ ಸೀರೆಯ ಮಡಿಕೆಗಳನ್ನು ಬೆರಳಿನಿಂದ ಎಣಿಸಿದಳು.

"ಎರಡು ದಿನಾ ತಡೀರಿ ಬೀಗತಿ. ದಿನಕ್ಕ ಒಂಬತ್ತು ಮೊಳದ ಮ್ಯಾಲ ಇವರಿಗೆ ಇಳಿಯೂದಿಲ್ಲ."